ಭಾವನ ಕಂಪ್ಯೂಟರಿನ ಊಟದ ಹಂತಿ

ನಮ್ಮ ಭಾವ ಮಹಾ ಶಾಂತ ಸ್ವಭಾವದವರು. ಅವರಿಗೆ ಸಿಟ್ಟು ಬರುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಯಾರಿಗಾದರೂ ಇದ್ದರೆ ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತುವನ್ನು ಇಟ್ಟರೆ ಸಾಕು. ಹೆಚ್ಚಿನ ಶ್ರಮವೇನೂ ಬೇಡ. ಪತ್ರಿಕೆಯ ಮೇಲೆ ಕನ್ನಡಕ, ಕನ್ನಡಕದ ಮೇಲೆ ಬೀಗದ ಕೈ ಬಿದ್ದರೆ ಅವರ ಎಡಹುಬ್ಬು ಮೇಲೇಳುತ್ತದೆ. ಅಕ್ಕ ದೋಸೆ ಎರೆದು ಒಂದರ ಮೇಲೊಂದು ಹಾಕಿಟ್ಟರೆ, ತಿನ್ನುವ ಮೊದಲು ಅವನ್ನೆಲ್ಲ ಬಿಡಿಸಿ ಬಾಳೆಲೆಯ ಮೇಲೆ ಪಕ್ಕಪಕ್ಕ ಮಲಗಿಸುತ್ತಾರೆ. ಯಾಕೆ ಎಂದು ಕೇಳಿದರೆ, ಕೆಳಗಿನ ದೋಸೆಗೆ ಉಸಿರು ಕಟ್ಟುತ್ತದೆ ಎಂಬ ಉತ್ತರ! ದೋಸೆಯ ಉಸಿರಾಟದ ಬಗ್ಗೆ ಇಷ್ಟು ಕಾಳಜಿ ವಹಿಸಿದ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕುಂದಾಪುರದಿಂದ ಬೈಂದೂರಿನವರೆಗೆ ಕಂಡಿಲ್ಲ.

ಈ ಭಾವ ನನ್ನ ಒಬ್ಬಳೇ ಅಕ್ಕನ ಗಂಡ. ನಾವು ಬಾರ್ಕೂರಿನವರು, ಅವರು ಕಿರಿಮಂಜೇಶ್ವರದವರು. ಮದುವೆಯಾದ ಹೊಸತರಲ್ಲೇ ಅವರು ಮುಂಬೈಗೆ ಹೋಗಿ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಅಕ್ಕ ಊರಿನಲ್ಲೇ ಉಳಿದಳು. ವರ್ಷಕ್ಕೊಮ್ಮೆ ಬರುತ್ತಿದ್ದ ಗಂಡನಿಗೆ ಒಗ್ಗರಣೆಯ ಖಾರ ಎಷ್ಟು ಬೇಕೆಂದು ತಿಳಿಯುವ ಹೊತ್ತಿಗೆ ಅವರ ರಜೆ ಮುಗಿದಿರುತ್ತಿತ್ತು. ಅವರಿಬ್ಬರ ದಾಂಪತ್ಯದ ಒಂದು ದೊಡ್ಡ ಭಾಗ ಹೀಗೆ, ನಡುವೆ ಕೊಂಕಣದ ಉದ್ದಕ್ಕೂ ಸಮುದ್ರ ಹರಡಿಕೊಂಡಿರುವಾಗಲೇ ಕಳೆದುಹೋಯಿತು.

ಭಾವನ ವಿಚಿತ್ರಕ್ಕೆ ಬೀಜ ಬಿದ್ದದ್ದು ಆ ಅಚ್ಚಿನ ಮನೆಯಲ್ಲಿ. ಅಲ್ಲಿಯ ಧರ್ಮವೇ ಬೇರೆ. ಒಂದು ಮೊಳೆಯ ಮೇಲೆ ಇನ್ನೊಂದು ಮೊಳೆ ಹತ್ತುವಂತಿಲ್ಲ. ಕಬ್ಬಿಣದ ಚೌಕಟ್ಟಿನೊಳಗೆ ಎಲ್ಲವೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಎರಡು ಶಬ್ದಗಳ ನಡುವೆ ನಮ್ಮ ಕಣ್ಣಿಗೆ ಬರಿಯ ಬಿಳಿ ಜಾಗ ಕಾಣುತ್ತದಲ್ಲ, ಅಲ್ಲೂ ಒಂದು ಸೀಸದ ತುಂಡು ಮೌನವಾಗಿ ನಿಂತಿರುತ್ತದಂತೆ. ಅದನ್ನು ಇಡಲು ಮರೆತರೆ ಚೌಕಟ್ಟು ಎತ್ತಿದ ಕೂಡಲೇ ಇಡೀ ಪುಟ ಜಲ್ಲೆಂದು ನೆಲಕ್ಕೆ. ಇಂಥ ಲೋಕದಲ್ಲಿ ಯೌವನ ಕಳೆದ ಮನುಷ್ಯ ದೋಸೆಯ ರಾಶಿಯನ್ನು ಹೇಗೆ ಸಹಿಸಿಯಾನು, ನೀವೇ ಹೇಳಿ?

ತೊಂಬತ್ತರ ದಶಕ ಮುಗಿಯುವ ಕಾಲಕ್ಕೆ ಮೊಳೆಗಳ ಕಾಲವೂ ಮುಗಿಯಿತು. ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂತು, ಭಾವ ಊರಿಗೆ ಬಂದರು. ನಾವುಂದದ ಹೆದ್ದಾರಿಯ ಬದಿಯಲ್ಲಿ ಒಂದು ಕೋಣೆ ಹಿಡಿದು ತನ್ನನ್ನು ಓಡಿಸಿದ ಅದೇ ಯಂತ್ರವನ್ನು ತಂದಿಟ್ಟು, ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ ಅಂತ ಅಕ್ಷರ ಜೋಡಿಸುವ ಅಂಗಡಿ ತೆರೆದರು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ. ಎರಡನೆಯ ಕುರ್ಚಿ ಅಕ್ಕನದು. ಅಕ್ಕ ಕನ್ನಡ ಟೈಪಿಂಗ್ ಕಲಿತು ಭಾವನಿಗಿಂತ ವೇಗವಾಗಿ ಕುಟ್ಟತೊಡಗಿದಳು. ಮನೆಯಲ್ಲಿ ಇಬ್ಬರಿಗೂ ಮಾತೇ ಬರುತ್ತಿರಲಿಲ್ಲ. ಇಷ್ಟು ವರ್ಷ ದೂರವಿದ್ದವರಿಗೆ ಎದುರುಬದುರು ಕೂತು ಏನು ಮಾತನಾಡುವುದೆಂಬ ಸಂಕೋಚ. ಅಂಗಡಿಯಲ್ಲಿ ಮಾತ್ರ, ಎದುರಿಗೆ ಒಂದು ಪರದೆ ಇದ್ದುದರಿಂದಲೋ ಏನೋ, ಪಕ್ಕಪಕ್ಕ ಕೂತು ಬೆಳಗಿನಿಂದ ಬೈಗಿನವರೆಗೆ ಮಾತು. ನನಗೆ ಆಗೆಲ್ಲ ಅನ್ನಿಸುತ್ತಿತ್ತು, ಇವರಿಗೆ ನಿಜವಾಗಿ ಮದುವೆಯಾದದ್ದು ನಾವುಂದದ ಈ ಕೋಣೆಯಲ್ಲಿ.

ಆದರೆ ಕಂಪ್ಯೂಟರಿಗೆ ಭಾವನ ಧರ್ಮ ಗೊತ್ತಿರಲಿಲ್ಲ. ಒಂದು ಕೆಲಸ ತೆರೆದರೆ ಪರದೆಯ ಮೇಲೆ ಒಂದು ಕಿಟಕಿ. ಇನ್ನೊಂದು ತೆರೆದರೆ ಅದರ ಮೇಲೆ ಇನ್ನೊಂದು ಕಿಟಕಿ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯಲ್ಲಿ ಬಂಗುಡೆ ಪೇರಿಸಿದ ಹಾಗೆ! ಅಡಿಯಲ್ಲಿರುವುದು ಯಾವುದು, ಮುಡಿಯಲ್ಲಿರುವುದು ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ಒಂದು ದಿನ ಆಗಬಾರದ್ದು ಆಗಿಯೇ ಹೋಯಿತು. ಮೇಲೆ ಮದುವೆ ಕಾಗದ, ಕೆಳಗೆ ಉತ್ತರಕ್ರಿಯೆಯ ಕಾಗದ. ಭಾವ ಯಾವುದೋ ಒಂದು ಸಾಲನ್ನು ಕೆಳಗಿನದ್ದಕ್ಕೆಂದು ಮೇಲಿನದ್ದಕ್ಕೆ ಇಳಿಸಿಬಿಟ್ಟರು. ನೋಡಿ ಒಪ್ಪಿಗೆ ಕೊಡಲು ಬಂದ ಮದುಮಗಳ ತಂದೆ, ಬೈಂದೂರಿನ ವ್ಯಾಪಾರಿ, ತಣ್ಣಗಿನ ಮನುಷ್ಯ. ಕಾಗದವನ್ನು ಕೊನೆಯವರೆಗೆ ಓದಿದರು. ವರನ ಹೆಸರಿನ ಕೆಳಗೆ 'ಇವರ ಆತ್ಮಕ್ಕೆ ಸದ್ಗತಿಯನ್ನು ಕೋರುವ ಬಂಧುಮಿತ್ರರು' ಎಂದಿತ್ತು. ಕನ್ನಡಕ ತೆಗೆದು ಮಡಚಿ ಮೆಲ್ಲಗೆ ಕೇಳಿದರು:

"ಮಾರಾಯ್ರೆ, ಗಂಡಿನ ವಿಷ್ಯ ನಮ್ಗ್ ಗೊತ್ತಿಲ್ದಿದ್ದದ್ ಎಂತಾರೂ ನಿಮ್ಗ್ ಗೊತ್ತಿತ್ತಾ?"

ಆ ದಿನದಿಂದ ಭಾವನಿಗೆ ನಿದ್ದೆ ಹೋಯಿತು. ಒಂದರ ಮೇಲೊಂದು ಬೀಳದ ಕಿಟಕಿಗಳ ಲೋಕವೊಂದು ಎಲ್ಲಾದರೂ ಇರಲೇಬೇಕು ಎಂಬ ಹಂಬಲ ಹತ್ತಿತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಿಟ್ಟಿಯಾಗಿ ಬಂದ ಸೀಡಿಯಲ್ಲಿ, ಕಂಪ್ಯೂಟರನ್ನು ಬೇರೆಯೇ ರೀತಿಯಲ್ಲಿ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಸಿಕ್ಕಿತು. ಅದರ ಬೆನ್ನು ಹತ್ತಿ ವರ್ಷಗಟ್ಟಲೆ ತಡಕಾಡಿದ ಮೇಲೆ, ಕಿಟಕಿಗಳನ್ನು ಹೆಂಚು ಹೊದಿಸಿದಂತೆ, ಅಲ್ಲ, ತಪ್ಪಿದೆ, ಹೆಂಚೂ ಒಂದರ ಮೇಲೊಂದು ಕೂರುತ್ತದೆ, ನೆಲಕ್ಕೆ ಕಲ್ಲು ಹಾಸಿದಂತೆ ಜೋಡಿಸುವ ವ್ಯವಸ್ಥೆಯೊಂದು ಅದರಲ್ಲಿದೆ ಎಂದು ತಿಳಿಯಿತು. ಅದರ ಹೆಸರು ಟೈಲಿಂಗ್ ವಿಂಡೋ ಮ್ಯಾನೇಜರ್. ಹೆಸರು ದೊಡ್ಡದು, ಕೆಲಸ ಸರಳ. ತೆರೆದ ಕಿಟಕಿಗಳಿಗೆಲ್ಲ ಪರದೆಯನ್ನು ಪಾಲು ಮಾಡಿ ಕೊಡುವುದು. ಯಾರೂ ಯಾರ ಮೇಲೂ ಹತ್ತದಂತೆ ಕಾಯುವುದು.

ನಾನು ಬಾರ್ಕೂರಿನಿಂದ ಎರಡು ಬಸ್ಸು ಬದಲಾಯಿಸಿ ಹೋದವನು ಅಂಗಡಿಯ ಬಾಗಿಲಲ್ಲೇ ನಿಂತೆ. ಪರದೆ ಅಮಾವಾಸ್ಯೆಯ ಆಕಾಶದಂತೆ ಕಪ್ಪಗಿತ್ತು. ಚಿತ್ರವಿಲ್ಲ, ಗುರುತುಗಳಿಲ್ಲ, ಗಡಿಯಾರವೂ ಇಲ್ಲ. ಕರೆಂಟ್ ಹೋಗಿದೆಯೇ ಎಂದು ಕೇಳಿದೆ. ಭಾವ ಕರುಣೆಯಿಂದ ನೋಡಿ ಕುರ್ಚಿ ಎಳೆದು ಕೂರಿಸಿದರು. ಆಮೇಲೆ ಉಪದೇಶ ಶುರುವಾಯಿತು.

"ಕಾಣಿ, ಊಟಕ್ಕೆ ಹಂತಿ ಕೂತಾಯ್ತ್. ಬಡ್ಸೂಕ್ ಶುರು ಮಾಡು ಹೊತ್ತಿಗ್ ಮತ್ತೊಬ್ರ್ ಬಂದ್ರ್. ಎಂತ ಮಾಡ್ತ್ರಿ? ಕೂತವ್ರ ತೊಡಿ ಮೇಲ್ ಕೂರ್ಸ್ತ್ರಿಯಾ?"

ಪಂಕ್ತಿಯಲ್ಲಿ ಹಾಗೆ ಕೂರಿಸುವುದುಂಟೇ, ಇಲ್ಲ ಎಂದೆ.

"ಎಲ್ಲ ಚೂರ್ ಚೂರ್ ಸರಿತ್ರ್. ಬಂದವ್ರಿಗೂ ಒಂದ್ ಎಲೆ ಹಾಕ್ತ್ರ್. ಅಷ್ಟೇ ಮಾರಾಯ್ರೆ, ಈ ಮಿಷನ್ನಿಗ್ ಹಂತಿ ಗೊತ್ತಿತ್ತ್."

ಹೇಳುತ್ತ ಎರಡು ಕೀಲಿ ಒತ್ತಿದರು. ಒಂದು ಕಿಟಕಿ ಇಡೀ ಪರದೆಯನ್ನು ತುಂಬಿತು. ಮತ್ತೆ ಒತ್ತಿದರು. ಅದು ವಿನಯದಿಂದ ಅರ್ಧಕ್ಕೆ ಸರಿದು ಇನ್ನೊಂದಕ್ಕೆ ಜಾಗ ಕೊಟ್ಟಿತು. ಮೂರನೆಯದು ಬಂದಾಗ ಎರಡನೆಯದು ತನ್ನ ಪಾಲಿನಲ್ಲಿ ಅರ್ಧ ಬಿಟ್ಟುಕೊಟ್ಟಿತು. ಸುಳ್ಳು ಹೇಳಬಾರದು, ನನಗೂ ಒಂದು ಕ್ಷಣ ಮಂಕು ಕವಿಯಿತು. ನಾಟಿಯ ಹೊತ್ತಿನಲ್ಲಿ ಬಸ್ಸಿನ ಕಿಟಕಿಯಿಂದ ನಮ್ಮ ಬಾರ್ಕೂರಿನ ಗದ್ದೆಗಳನ್ನು ಕಂಡಿದ್ದೀರಾ? ನೀರು ನಿಂತ ಚೌಕ ಚೌಕಗಳು, ನಡುವೆ ತೆಳ್ಳನೆಯ ಅಂಚು, ಪ್ರತಿಯೊಂದು ಚೌಕದಲ್ಲೂ ಅದರದರದೇ ಒಂದು ತುಂಡು ಆಕಾಶ. ನಾವುಂದದ ಆ ಕೋಣೆಯಲ್ಲಿ ಹೊರಗೆ ಲಾರಿಗಳು ಬೊಬ್ಬೆ ಹೊಡೆಯುತ್ತಿರುವಾಗ ನಾನು ಅಂಥದೇ ಗದ್ದೆಗಳ ದಡದಲ್ಲಿ ಕೂತು ಮೈಮರೆತೆ. ಭಾವನಂತೂ ಅಲ್ಲೇ ಮನೆ ಕಟ್ಟಿಕೊಂಡಿದ್ದರು.

ಮೌಸಿಗೆ ಸೆರೆವಾಸವಾಯಿತು. ಮೇಜಿನ ಖಾನೆಯಲ್ಲಿ, ಬಾಲ ಸುತ್ತಿಟ್ಟು. ಎಲ್ಲವೂ ಕೀಲಿಮಣೆಯಲ್ಲೇ. ಈ ವ್ಯವಸ್ಥೆಯಲ್ಲಿ ಒಂದು ಪರದೆಯ ಹಿಂದೆ ಇನ್ನೂ ಹಲವು ಪರದೆಗಳು, ಕೋಣೆಗಳ ಹಾಗೆ, ಇರುತ್ತವೆ. ಒಂದೊಂದಕ್ಕೂ ಒಂದೊಂದು ಸಂಖ್ಯೆ, ಆ ಸಂಖ್ಯೆ ಒತ್ತಿದರೆ ಆ ಕೋಣೆ ಎದುರಿಗೆ. ಭಾವ ಶುಭಕಾರ್ಯಗಳನ್ನೆಲ್ಲ ಒಂದನೆಯ ಕೋಣೆಯಲ್ಲಿಟ್ಟರು, ಅಶುಭವನ್ನು ಒಂಬತ್ತನೆಯದರಲ್ಲಿ. ನಡುವಿನ ಕೋಣೆಗಳನ್ನೆಲ್ಲ ಖಾಲಿ ಬಿಟ್ಟು ಮಡಿ ಕಾಪಾಡಿದರು. ಲಿನಕ್ಸಿಗೆ ಸೂತಕ ಹೇಳಿಕೊಟ್ಟವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು!

ಇಷ್ಟೆಲ್ಲ ಆದಾಗ ಎರಡನೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಅಕ್ಕನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಅಕ್ಕನಿಗೆ ಹಳೆಯ ಪರದೆ ಅಭ್ಯಾಸ. ಮೂಲೆಯಲ್ಲಿ ಗಡಿಯಾರ, ಬದಿಯಲ್ಲಿ ಪ್ರಿಂಟರಿನ ಗುರುತು, ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿ, ಹಿಂದೆ ಒಂದು ಕೆಂಪು ದಾಸವಾಳದ ಚಿತ್ರ. ಕಪ್ಪು ಪರದೆಯ ಎದುರು ಅವಳು ಹೊಸ ಸೊಸೆಯ ಹಾಗೆ ಕೂತಳು. ಯಾವುದನ್ನು ಮುಟ್ಟಿದರೆ ಏನಾಗುತ್ತದೋ! ಕೆಲವು ವಾರ ಸಹಿಸಿದಳು. ಒಂದು ದಿನ ಮೊವಾಡಿಯ ಕಡೆಯವರೊಬ್ಬರ ಗೃಹಪ್ರವೇಶದ ಕಾಗದ ಮುಗಿಸಿ ಇನ್ನೇನು ಪ್ರಿಂಟ್ ಕೊಡಬೇಕು, ಅವಳ ಬೆರಳು ಯಾವುದೋ ಎರಡು ಕೀಲಿಗಳನ್ನು ಒಟ್ಟಿಗೆ ತಾಗಿತು. ಮನೆ, ಗೃಹಪ್ರವೇಶ, ಮುಹೂರ್ತ ಎಲ್ಲ ಮಾಯ. ಕಾಗದಕ್ಕೆ ಬಂದವರು ಎದುರಿಗೇ ನಿಂತಿದ್ದಾರೆ. ಭಾವ ಶಾಂತವಾಗಿ, ಅದು ಎಲ್ಲೂ ಹೋಗಿಲ್ಲ, ಆರನೆಯ ಕೋಣೆಯಲ್ಲಿದೆ ಅಂದರು.

"ಆರನೇ ಕೋಣಿಗ್ ಬಾಗ್ಲ್ ಎಲ್ಲಿತ್ತ್?" ಎಂದಳು ಅಕ್ಕ.

"ಬಾಗ್ಲ್ ಇಲ್ಲೆ. ಮನ್ಸಿನೊಳ್ಗ್ ನೆನ್ಪ್ ಇಟ್ಕಂಬುದ್."

ಅಕ್ಕ ಎದ್ದಳು. ಸೆರಗು ಸರಿಮಾಡಿಕೊಂಡಳು. "ನಾ ಇನ್ ಅಂಗ್ಡಿಗ್ ಬಪ್ಪುದಿಲ್ಲೆ. ನೀವೂ ನಿಮ್ಮ ಕಪ್ ಹಲ್ಗಿಯೂ ಸುಖದಲ್ ಇರಿ" ಎಂದು ಹೇಳಿ ಕಿರಿಮಂಜೇಶ್ವರಕ್ಕೆ ಹೋಗುವ ಬಸ್ಸು ಹತ್ತಿಯೇಬಿಟ್ಟಳು.

ಮೊದಲ ಕೆಲವು ದಿನ ಭಾವ ಗೆದ್ದವರಂತೆ ಓಡಾಡಿದರು. ಆಮೇಲೆ ಅಂಗಡಿಗೆ ಬಂದವರು, ಅಕ್ಕ ಇಲ್ಲವೇ ಎಂದು ಕೇಳತೊಡಗಿದರು. ಭಾವ ಮನೆಯಲ್ಲಿ ಮಾತು ತೆಗೆಯಲು ಹೋದರೆ ಮತ್ತೆ ಅದೇ ಹಳೆಯ ಸಂಕೋಚ. ಊಟ ಬಡಿಸುವುದು, ಉಣ್ಣುವುದು, ಕೈ ತೊಳೆಯುವುದು. ಅವರು ಮತ್ತೆ ಮುಂಬೈಯಲ್ಲಿದ್ದಂತೆ, ಅವಳು ಮತ್ತೆ ಊರಿನಲ್ಲಿದ್ದಂತೆ. ವ್ಯತ್ಯಾಸವಿಷ್ಟೇ, ಈಗ ನಡುವೆ ಸಮುದ್ರದ ಬದಲು ಒಂದು ಉಪ್ಪಿನಕಾಯಿ ಭರಣಿ.

ಸಂಧಾನಕ್ಕೆ ನನ್ನನ್ನು ಕರೆಸಲಾಯಿತು. ಎರಡು ರಾಜ್ಯಗಳ ನಡುವಿನ ದೂತನಿಗೆ ಇರಬೇಕಾದ ಗಾಂಭೀರ್ಯವನ್ನೆಲ್ಲ ಮುಖದ ಮೇಲೆ ಹೊದ್ದು ನಾನು ಅಕ್ಕನ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತೆ. ಅಕ್ಕ ಸೌತೆಕಾಯಿ ಹೆಚ್ಚುತ್ತ ಷರತ್ತುಗಳನ್ನು ಹೇಳಿದಳು. ಗಡಿಯಾರ ಬರಬೇಕು. ಪ್ರಿಂಟರಿನ ಗುರುತು ಬರಬೇಕು. ಮೌಸಿನ ಬಿಡುಗಡೆಯಾಗಬೇಕು. ದಾಸವಾಳ ಬರಬೇಕು. ಬರೆದುಕೊಳ್ಳಲೇ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಕತ್ತಿ ಮಣೆಯ ಮೇಲೆ ಕೈ ನಿಂತಿತು.

"ತಮ್ಮ, ಅವ್ರ್ ಮುಂಬೈಯಗ್ ಇಪ್ಪತಿಗೆ ನಾ ಒಬ್ಳೇ ಇದ್ದೆ, ಅಡ್ಡಿಲ್ಲೆ. ಬದಿಯಗೇ ಕೂತ್ಕಂಡ್ ಒಬ್ಳೇ ಆಪುದ್ ನಂಗ್ ಬ್ಯಾಡ."

ನಾನು ಇದನ್ನು ಹಾಗೆಯೇ ಒಯ್ದು ಭಾವನಿಗೆ ಒಪ್ಪಿಸಿದೆ. ಹೊರಗೆ ಸಮುದ್ರದ ಕಡೆಯಿಂದ ಗಾಳಿ ಬಂದು ಬಾಗಿಲಿಗೆ ಕಟ್ಟಿದ ಹಳೆಯ ಮಾದರಿ ಕಾಗದಗಳನ್ನು ಅಲ್ಲಾಡಿಸುತ್ತಿತ್ತು. ಭಾವ ಕೇಳಿದ್ದು ಒಂದೇ ಮಾತು:

"ಅವ್ಳಿಗ್ ಗಡಿಯಾರ ಮೇಲ್ ಬೇಕಂಬ್ರಾ, ಕೆಳ್ಗಾ?"

ಮತ್ತೆ ಶುರುವಾಯಿತು ತಪಸ್ಸು. ಇಂಗ್ಲಿಷಿನಲ್ಲಿದ್ದ ಏನೇನೋ ಪುಟಗಳನ್ನು ಓದಿ ಅವರು ಕಂಡುಕೊಂಡ ಸತ್ಯ ಇದು: ಗಡಿಯಾರ, ಪಟ್ಟಿ, ಪ್ರಿಂಟರ್, ಚಿತ್ರ ಎಲ್ಲ ಇರುವ ಡೆಸ್ಕ್‌ಟಾಪ್ ಎಂಬ ದೊಡ್ಡ ಸಂಸಾರವನ್ನು ಹಾಗೆಯೇ ಇಟ್ಟುಕೊಂಡು, ಅದರೊಳಗೆ ಕಿಟಕಿಗಳನ್ನು ಕೂರಿಸುವವನನ್ನು ಮಾತ್ರ ಬದಲಾಯಿಸಬಹುದು. "ಮನಿ ಅವ್ಳ್‌ದೇ ಇರ್ಲಿ. ಹಂತಿ ಕೂರ್ಸುದ್ ಮಾತ್ರ ನಾ" ಎಂದರು. ರಾಜಿ ಎಂದರೆ ಹೀಗಿರಬೇಕು! ಯಾವ ಕುಟುಂಬ ನ್ಯಾಯಾಲಯಕ್ಕೂ ಹೊಳೆಯದ ಉಪಾಯ.

ಹೊಳೆದದ್ದೇನೋ ಸರಿ, ಹೊಂದಬೇಕಲ್ಲ? ಮೊದಲ ದಿನ ಅಕ್ಕನ ದಾಸವಾಳ ಬಂತು. ಆದರೆ ಹಿಂದೆ ಚಿತ್ರವಾಗಿ ಇರಬೇಕಾದದ್ದನ್ನು ಹೊಸ ಯಜಮಾನ ಊಟಕ್ಕೆ ಬಂದ ನೆಂಟನೆಂದು ತಿಳಿದು ಎಲೆ ಹಾಕಿ ಕೂರಿಸಿದ್ದ. ಎಡಗಡೆ ಮದುವೆ ಕಾಗದ, ಬಲಗಡೆ ಅಷ್ಟೇ ದೊಡ್ಡ ದಾಸವಾಳ. ಮರುದಿನ ಪ್ರಿಂಟರಿನಲ್ಲಿ ಕಾಗದ ಮುಗಿಯಿತು. 'ಕಾಗದ ಮುಗಿದಿದೆ' ಎಂದು ಎರಡು ಕ್ಷಣ ಹೇಳಿ ಹೋಗಬೇಕಾದ ಒಂದು ಪುಟ್ಟ ಸೂಚನೆ, ಆಷಾಢಕ್ಕೆ ಬಂದ ಅಳಿಯನ ಹಾಗೆ ಅರ್ಧ ಪರದೆಯನ್ನು ಆಕ್ರಮಿಸಿ ಕೂತಿತು. ಯಾರು ಉಣ್ಣಲು ಬಂದವರು, ಯಾರು ಬಾಗಿಲಲ್ಲಿ ನಿಂತು ಹೇಳಿ ಹೋಗುವವರು ಎಂದು ಭಾವ ಒಂದೊಂದಾಗಿ ಯಂತ್ರಕ್ಕೆ ಬರೆದು ತಿಳಿಸಬೇಕಾಯಿತು. ಬಂದ ನೆಂಟರ ಗುರುತು ಹೇಳಿಕೊಡುವುದರಲ್ಲಿ ಒಂದು ಮಳೆಗಾಲವೇ ಕಳೆಯಿತು.

ಅಕ್ಕ ಪರೀಕ್ಷೆಗೆ ಬಂದ ದಿನ ನಾನೂ ಇದ್ದೆ. ಕೂತಳು. ಮೇಲೆ ಬಲಮೂಲೆಯಲ್ಲಿ ಗಡಿಯಾರ. ಕೆಳಗೆ ಪಟ್ಟಿ. ಖಾಲಿ ಪರದೆಯಲ್ಲಿ ದಾಸವಾಳ. ಮೌಸು ಮೇಜಿನ ಮೇಲೆ. ಎರಡು ಕಿಟಕಿ ತೆರೆದಳು. ಅವು ಜಗಳವಾಡದೆ ಪಕ್ಕಪಕ್ಕ ಕೂತವು. ಒಂದರಲ್ಲಿ ಭಾವ ಅಳತೆ ನೋಡಬಹುದು, ಇನ್ನೊಂದರಲ್ಲಿ ಅವಳು ಅಕ್ಷರ ಕುಟ್ಟಬಹುದು. ಭಾವ ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತಿದ್ದರು.

"ಅಡ್ಡಿಲ್ಲೆ" ಎಂದಳು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಭಾವ ಅಂದು ನಮಗೆಲ್ಲ ಗೋಳಿಬಜೆ ತರಿಸಿದರು. ಪ್ಲೇಟಿನಲ್ಲಿ ಅವನ್ನು ಒಂದೇ ಪದರವಾಗಿ ಹರಡಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲಿನ ವರ್ಷಗಳು ನನಗೆ ಈಗ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಾಗುತ್ತವೆ. ಹೆದ್ದಾರಿ ನಿಧಾನವಾಗಿ ಅಗಲವಾಗುತ್ತ ಬಂತು, ಅಂಗಡಿಯೊಳಗೆ ಮಾತ್ರ ಏನೂ ಬದಲಾಗಲಿಲ್ಲ. ಫ್ಯಾನಿನ ಗಾಳಿಗೆ ಕಾಗದದ ಅಂಚು ಏಳುವುದು, ಕೂರುವುದು. ಪರದೆಯ ಬೆಳಕಿನ ಚೌಕಗಳು ಅವರಿಬ್ಬರ ಕನ್ನಡಕದಲ್ಲಿ ಪುಟ್ಟ ಪುಟ್ಟ ಗದ್ದೆಗಳಾಗಿ ಹೊಳೆಯುವುದು. ಅಕ್ಕ ಯಾರದ್ದೋ ಮದುವೆಯ ವಿಷಯ ಹೇಳುವುದು, ಭಾವ ಹೂಂ ಎನ್ನುವುದು, ಇಬ್ಬರೂ ಎದುರಿಗೇ ನೋಡುತ್ತ ಕೂತಿರುವುದು. ನಾನು ನೆಪ ಮಾಡಿಕೊಂಡು ಹೋಗಿ ಅಲ್ಲಿ ತೂಕಡಿಸುತ್ತಿದ್ದೆ. ನನ್ನ ಜೀವಮಾನದ ಅತ್ಯುತ್ತಮ ನಿದ್ದೆಗಳಲ್ಲಿ ಕೆಲವು ನಾವುಂದದಲ್ಲಿ ಸಂಭವಿಸಿವೆ.

ಆಮೇಲೆ ಒಂದು ಮಳೆಗಾಲ ಅಕ್ಕ ಅಂಗಳದಲ್ಲಿ ಪಾಚಿಗೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು, ಮನೆಯೊಳಗೆ ಕೋಲು ಹಿಡಿದು ನಡೆದರೆ ಅದೇ ದೊಡ್ಡದು, ಬಸ್ಸು ಹತ್ತಿ ಅಂಗಡಿಗೆ ಹೋಗುವುದನ್ನು ಇನ್ನು ಮರೆತುಬಿಡಿ ಎಂದರು. ಅವಳನ್ನು ನೋಡಿಕೊಳ್ಳಲು ಪಕ್ಕದ ಮನೆಯ ಹೆಂಗಸೊಬ್ಬರು ಬರತೊಡಗಿದರು. ಭಾವ ಒಬ್ಬರೇ ಅಂಗಡಿಗೆ ಹೋಗಿ, ಬಂದ ಕೆಲಸದಲ್ಲಿ ಅರ್ಧವನ್ನು ವಾಪಸು ಕಳಿಸಿ, ಸಂಜೆಯಾಗುವ ಮೊದಲೇ ಬಾಗಿಲು ಹಾಕುತ್ತಿದ್ದರು. ಅಂಗಡಿ ಮುಚ್ಚಿಬಿಡುತ್ತೇನೆ ಎಂದು ನನ್ನಲ್ಲಿ ಒಮ್ಮೆ ಹೇಳಿದರು. ಮುಚ್ಚಿ ಮನೆಯಲ್ಲಿ ಕೂತರೆ ಮಾತಾದರೂ ಎಲ್ಲಿ ಬರುತ್ತದೆ ಎಂಬುದನ್ನು ಇಬ್ಬರೂ ಬಲ್ಲೆವು.

ಮುಚ್ಚಲಿಲ್ಲ. ಅಕ್ಕನ ಹಾಸಿಗೆಯ ಬದಿಗೆ ಒಂದು ಫೋನನ್ನು ಡಬ್ಬಿಗೆ ಒರಗಿಸಿ ಇಟ್ಟು, ಅದರಿಂದ ಅಂಗಡಿಯ ಕಂಪ್ಯೂಟರಿಗೆ ವಿಡಿಯೋ ಕಾಲ್ ಹಾಕಿದರು. ಬೆಳಿಗ್ಗೆ ಬಾಗಿಲು ತೆಗೆದರೆ ಕಾಲ್ ಶುರು, ಸಂಜೆ ಬಾಗಿಲು ಹಾಕುವಾಗ ಮುಕ್ತಾಯ. ಇಂಟರ್ನೆಟ್ ನಿಂತರೆ ಅಕ್ಕ ಬಾಯಿ ತೆರೆದಲ್ಲೇ ನಿಲ್ಲುತ್ತಿದ್ದಳು. ಅದು ಬಂದರೆ ಮಾತು ಮುಂದುವರಿಯುತ್ತಿತ್ತು. ಪರದೆಯ ಹಂತಿಯಲ್ಲಿ ಅವಳಿಗೂ ಒಂದು ಎಲೆ.

ಆದರೆ ಹಂತಿಯ ನ್ಯಾಯ ನಿಷ್ಠುರ. ಭಾವ ಒಂದು ಕೆಲಸ ತೆರೆದರೆ ಅಕ್ಕ ಅರ್ಧವಾಗುವಳು. ಇನ್ನೊಂದು ತೆರೆದರೆ ಅದರಲ್ಲೂ ಅರ್ಧ. ಮದುವೆಗಳ ಕಾಲ ಬೇರೆ. ಒಂದು ದಿನ ಅವಳೇ ಅಲ್ಲಿಂದ ಹೇಳಿದಳಂತೆ, "ಹ್ವಾಯ್, ಹೀಂಗೇ ಆರೆ ಸಂಜಿ ಹೊತ್ತಿಗ್ ನಾ ಅಡ್ಕಿ ಹೋಳಿನಷ್ಟ್ ಆತೆ."

ನಾನು ನನ್ನ ಮಗಳ ಮದುವೆಯ ಕಾಗದ ಮಾಡಿಸಲು ಹೋದಾಗ ಈ ಮಾತು ಆಗಿ ವಾರ ಕಳೆದಿತ್ತು. ಮೋಡ ಮುಸುಕಿದ ಮಧ್ಯಾಹ್ನ. ಭಾವ ಆಗಲೇ ಕೆಲಸದಲ್ಲಿ ಮುಳುಗಿದ್ದರು. ಪರದೆ ನೋಡಿ ನಾನು ಎಲ್ಲಿದ್ದೇನೆಂದು ಅನುಮಾನವಾಯಿತು. ಸುತ್ತಲೂ ಚೌಕಗಳು ಅಂಚಿಗೆ ಅಂಚು ತಾಗಿಸಿ ಎಂದಿನಂತೆ ಕೂತಿದ್ದವು. ಆದರೆ ಅಕ್ಕನ ಮುಖ ಯಾವ ಚೌಕದಲ್ಲೂ ಇರಲಿಲ್ಲ. ಅದು ಎಲ್ಲ ಚೌಕಗಳ ಮೇಲೆ, ನಟ್ಟನಡುವೆ, ದೊಡ್ಡದಾಗಿ ತೇಲುತ್ತಿತ್ತು. ಒಂದು ಕಿಟಕಿಯನ್ನು ಹಂತಿಯಿಂದ ಎಬ್ಬಿಸಿ ಎಲ್ಲರ ಮೇಲೆ ತೇಲಬಿಡುವ ವಿದ್ಯೆಯೂ ಅದರಲ್ಲಿ ಮೊದಲಿನಿಂದ ಇತ್ತಂತೆ. ಭಾವ ಯಾರಿಗೂ ಹೇಳಿರಲಿಲ್ಲ. ನನ್ನ ಮಗಳ ಹೆಸರು, ಅಳಿಯನ ಹೆಸರು, ಮುಹೂರ್ತ, ಎಲ್ಲವೂ ಅಕ್ಕನ ಗಲ್ಲದ ಅಡಿಗೆ ಬಿದ್ದಿದ್ದವು. ಭಾವ ಕಾಣದ ಆ ಸಾಲುಗಳನ್ನು ಟಕಟಕನೆ ಕುಟ್ಟುತ್ತಿದ್ದರು.

ಕಾಗದ ಕಾಣಿಸುತ್ತಿಲ್ಲವಲ್ಲ, ಅವಳನ್ನು ಸ್ವಲ್ಪ ಬದಿಗೆ ಸರಿಸಬಾರದೇ ಎಂದು ನಾನು ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದ್ದು ಕಿರಿಮಂಜೇಶ್ವರಕ್ಕೆ ಕೇಳಿಸಿತು. ಅಕ್ಕ ದಿಂಬಿನಿಂದ ತಲೆ ಎತ್ತಿದಳು.

"ಹ್ವಾಯ್, ನಾ ಅಡ್ಡ ಆತ್ನಾ?"

ಭಾವ ಕೈ ನಿಲ್ಲಿಸಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ.

"ಇಲ್ಲೆ ಮಾರಾಯ್ತಿ, ನೀ ಅಲ್ಲೇ ಇರ್. ನಿನ್ನ ಅಡಿಯಗ್ ಎಂತ ಇತ್ತಂದೇಳಿ ನಂಗ್ ಗೊತ್ತಿತ್ತ್."